ಸಂಘದ ಬಲ: ಕೂಡಿ ದುಡಿಯುವ ತಂಡ



ಗದಗ ಸೀಮೆಯ ರೈತರಿಗೆ ಸಹಕಾರವೆಂಬುದು ಹೊರಗಿನಿಂದ ಬಂದ ಮಾತಲ್ಲ. ಲಕ್ಕುಂಡಿಯಂತೆಯೇ ಗದಗ ತಾಲ್ಲೂಕಿಗೆ ಸೇರಿದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. 1904ರ ಸಹಕಾರ ಕಾಯಿದೆಯಡಿ ದೇಶದಲ್ಲಿಯೇ ಮೊದಲು ಸ್ಥಾಪನೆಯಾದ ಸಂಘವೆಂದು ಅದು ಹೆಸರಾಗಿದೆ.

ಆ ಕಾಯಿದೆಯಂತೆ ಹತ್ತು ಜನ ಕೂಡಿದರೆ ಸಂಘ ಕಟ್ಟಬಹುದಿತ್ತು. ಆದರೆ ಹಳ್ಳಿಯ ಸಂಘದ ಸಾಲಕ್ಕೆ ಸಾಮಾನ್ಯವಾಗಿ ಎಲ್ಲ ಸದಸ್ಯರೂ ಹೊಣೆಯಾಗಬೇಕಿತ್ತು. ಒಬ್ಬನು ಸಾಲ ತೀರಿಸದಿದ್ದರೆ ಅದರ ಭಾರ ಉಳಿದವರ ಮೇಲೆ. ನೆರೆಯವನಲ್ಲಿ ನಂಬಿಕೆ ಇಲ್ಲದಿದ್ದರೆ ಇಂಥ ಸಂಘಕ್ಕೆ ಯಾರು ಸೇರುತ್ತಿದ್ದರು? ಆ ನಂಬಿಕೆಯನ್ನು ಹುಟ್ಟಿಸುವುದೇ ಮುಂದಾಳಿನ ಮೊದಲ ಕೆಲಸವಾಗಿತ್ತು.

ಒಂದೇ ಕ್ಯಾನಿನ ಹಾಲು

ಹಾಲಿನ ಸಂಘದಲ್ಲಿಯೂ ಇದೇ ಹೊಣೆ ಬೇರೊಂದು ರೂಪದಲ್ಲಿದೆ. ಒಬ್ಬರು ತಂದ ಹುಳಿ ಹಾಲು ಇಡೀ ಕ್ಯಾನನ್ನು ಕೆಡಿಸುತ್ತದೆ. ಒಬ್ಬರು ಬೆರೆಸಿದ ನೀರು ಇಡೀ ಸಂಘದ ಹಾಲಿನ ಜಿಡ್ಡಿನಾಂಶವನ್ನು ಇಳಿಸುತ್ತದೆ. ಆದ್ದರಿಂದ ಹಾಲು ಹಾಕುವವರು, ಪರೀಕ್ಷಕ, ಕಾರ್ಯದರ್ಶಿ, ಆಡಳಿತ ಮಂಡಳಿ ಎಲ್ಲರೂ ಸೇರಿ ಒಂದೇ ತಂಡ.

ಖೇಡಾ ಜಿಲ್ಲೆಯ ಪಾಠ

1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ವರ್ತಕರಿಗೆ ಹಾಲು ಕೊಡುವುದನ್ನು 15 ದಿನ ನಿಲ್ಲಿಸಿ, ತಮ್ಮದೇ ಒಕ್ಕೂಟ ಕಟ್ಟಿದರು. ಮೊದಲಿಗೆ ಇದ್ದದ್ದು ಎರಡೇ ಹಳ್ಳಿಗಳ ಸಂಘ, ದಿನಕ್ಕೆ ಸುಮಾರು 250 ಲೀಟರ್ ಹಾಲು. ಅದೇ ಮುಂದೆ ಅಮೂಲ್ ಆಯಿತು.

ಅಲ್ಲಿ ಎಲ್ಲವನ್ನೂ ಒಬ್ಬರೇ ಮಾಡಲಿಲ್ಲ. ತ್ರಿಭುವನದಾಸ್ ಪಟೇಲರು ಹಳ್ಳಿ ಹಳ್ಳಿ ತಿರುಗಿ ರೈತರ ವಿಶ್ವಾಸ ಗಳಿಸಿದರು. 1949ರಲ್ಲಿ ಆನಂದಕ್ಕೆ ಬಂದ ವರ್ಗೀಸ್ ಕುರಿಯನ್ ಆಡಳಿತ ನೋಡಿಕೊಂಡರು. ಎಮ್ಮೆ ಹಾಲಿನಿಂದ ಪುಡಿ ಮಾಡಲಾಗದು ಎಂದು ವಿದೇಶಿ ತಜ್ಞರು ಹೇಳುತ್ತಿದ್ದಾಗ, ಎಚ್.ಎಂ. ದಲಾಯ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಅಲ್ಲಿ ಹಾಲಿನ ಪುಡಿಯ ಕಾರ್ಖಾನೆ ಆರಂಭವಾಯಿತು. ಅಧ್ಯಕ್ಷರು ತಂತ್ರಜ್ಞರ ಕೆಲಸದಲ್ಲಿ ಕೈ ಹಾಕಲಿಲ್ಲ, ತಂತ್ರಜ್ಞರು ರೈತರ ಹಕ್ಕಿನಲ್ಲಿ ಕೈ ಹಾಕಲಿಲ್ಲ. ನಮ್ಮ ರಾಜ್ಯದ ಹಾಲು ಸಂಘಗಳೂ ಇದೇ ಆನಂದ ಮಾದರಿಯವು.

ಮುಂದಾಳು ಮಾಡಬೇಕಾದದ್ದು

1. ಅಳತೆ ಎಲ್ಲರಿಗೂ ಒಂದೇ ಇರಲಿ. ಅಧ್ಯಕ್ಷರ ಮನೆಯ ಹಾಲಿಗೂ ಅದೇ ಲ್ಯಾಕ್ಟೋಮೀಟರ್, ಅದೇ ಸಾಲು. ಅವರ ಕೊಡದಿಂದಲೂ ಮಾದರಿ ತೆಗೆಯುವುದನ್ನು ಹತ್ತು ಜನ ನೋಡಿದರೆ ಹನ್ನೊಂದನೆಯವರು ದೂರುವುದಿಲ್ಲ.

2. ಲೆಕ್ಕ ಕಣ್ಣೆದುರಿಗಿರಲಿ. ಹಾಲಿನ ಪ್ರಮಾಣ, ಜಿಡ್ಡು, ದರ ಇವು ಪಾಸ್‌ಪುಸ್ತಕದಲ್ಲಿ ಅಂದಂದೇ ದಾಖಲಾಗಲಿ. ಹಣ ಹೇಳಿದ ದಿನವೇ ಕೈ ಸೇರಲಿ.

3. ತಪ್ಪನ್ನು ಒಬ್ಬರನ್ನೇ ಕರೆದು ಹೇಳಿ, ಒಳ್ಳೆಯ ಕೆಲಸವನ್ನು ಸಭೆಯಲ್ಲಿ ಹೇಳಿ. ಬೆಳಗಿನ ಜಾವ ಬಾಗಿಲು ತೆರೆಯುವ ಪರೀಕ್ಷಕನಿಗೆ ಸಂಬಳದಷ್ಟೇ ಮರ್ಯಾದೆಯೂ ಮುಖ್ಯ.

4. ದನ ಮೇಯಿಸಿ, ಹಿಂಡಿ ಇಟ್ಟು, ಹಾಲು ಕರೆಯುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಸದಸ್ಯತ್ವವೂ ಸಭೆಯ ಮಾತೂ ಅವರಿಗೆ ಸಿಗಲಿ.

5. ಅಧಿಕಾರವನ್ನು ಹಂಚಿರಿ. ಮೇವಿನ ಬೀಜ, ಕೃತಕ ಗರ್ಭಧಾರಣೆ, ಲಸಿಕೆ ಶಿಬಿರ ಒಂದೊಂದನ್ನೂ ಒಬ್ಬೊಬ್ಬ ನಿರ್ದೇಶಕರು ವಹಿಸಿಕೊಳ್ಳಲಿ.

ಬೇಸಿಗೆಯ ಪರೀಕ್ಷೆ

ತಂಡದ ನಿಜವಾದ ಪರೀಕ್ಷೆ ಬೇಸಿಗೆಯಲ್ಲಿ. ಹಸಿ ಮೇವು ಮುಗಿದು ಹಾಲು ಇಳಿದಾಗ ಖಾಸಗಿಯವರು ಮನೆ ಬಾಗಿಲಿಗೇ ಬಂದು ಒಂದೆರಡು ರೂಪಾಯಿ ಹೆಚ್ಚು ಕೊಡುವುದುಂಟು. ಮಳೆ ಬಿದ್ದು ಹಾಲು ಹೆಚ್ಚಾದಾಗ ಅವರೇ ದರ ಇಳಿಸುತ್ತಾರೆ, ಇಲ್ಲವೇ ಬೇಡವೆನ್ನುತ್ತಾರೆ. ವರ್ಷದ ಎಲ್ಲ ದಿನವೂ ಹಾಲು ಕೊಳ್ಳುವುದು ಸಂಘವೇ. ಬೇಸಿಗೆಯಲ್ಲಿ ಸದಸ್ಯರು ಬಿಟ್ಟುಹೋದರೆ ಸಾಗಣೆಯ ಖರ್ಚೂ ಹುಟ್ಟದೆ ಸಂಘಕ್ಕೆ ಬೀಗ ಬೀಳಬಹುದು. ಆಮೇಲೆ ಮಳೆಗಾಲದ ಹಾಲನ್ನು ಎಲ್ಲಿಗೆ ಒಯ್ಯುವುದು?

ಈ ಮಾತು ಉಪದೇಶದಿಂದ ನಾಟುವುದಿಲ್ಲ. ಚಳಿಗಾಲದಲ್ಲಿ ನ್ಯಾಯವಾದ ಅಳತೆ ಕಂಡವರು ಬೇಸಿಗೆಯಲ್ಲಿ ಸಂಘದ ಜೊತೆ ನಿಲ್ಲುತ್ತಾರೆ. ಅನ್ಯಾಯ ಕಂಡವರು ಹೊರಟುಹೋಗುತ್ತಾರೆ. ಅವರನ್ನು ದೂರಿ ಫಲವಿಲ್ಲ.

ಸದಸ್ಯರ ಪಾಲು

ಮುಂದಾಳನ್ನು ಆರಿಸುವವರು ನಾವೇ. ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಮತ. ವಾರ್ಷಿಕ ಮಹಾಸಭೆಗೆ ತಪ್ಪದೆ ಬನ್ನಿರಿ, ಲೆಕ್ಕ ಕೇಳಿರಿ, ತಿಳಿಯದಿದ್ದರೆ ಮತ್ತೆ ಕೇಳಿರಿ. ಹಾಗೆಯೇ ಶುದ್ಧ ಹಾಲನ್ನು ವೇಳೆಗೆ ಸರಿಯಾಗಿ ತನ್ನಿರಿ. ಹನಿ ಹನಿ ಕೂಡಿದರೆ ಹಳ್ಳ ಎಂಬುದು ನಮ್ಮ ಹಿರಿಯರ ಮಾತು; ಪ್ರತಿ ಹನಿಯೂ ಶುದ್ಧವಾಗಿರಲಿ.