ಒಂದಕ್ಷರದ ತಪ್ಪು

ಸೊರಬ ಸೀಮೆಯ ಚಂದ್ರಗುತ್ತಿಯ ಗುಡ್ಡವನ್ನೇರಿದವರು ಅಲ್ಲಿಯ ಕೋಟೆಯನ್ನೂ ರೇಣುಕಾಂಬೆಯ ಗುಡಿಯನ್ನೂ ಕಂಡಿರುತ್ತಾರೆ. ಆ ಸುತ್ತಿನ ನೆಲವೆಲ್ಲ ಶಾಸನಗಳ ನೆಲ. ನೆರೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಸ್ತಂಭಶಾಸನವಿದೆ. ಕಲ್ಲುಕುಟಿಗನೊಬ್ಬನು ‘ಸಾಕು’ ಎಂದು ಕೊರೆಯಬೇಕಾದೆಡೆ ಕೈತಪ್ಪಿ ‘ಬೇಕು’ ಎಂದು ಕೊರೆದನೆನ್ನಿ. ಬದಲಾದುದು ಒಂದೇ ಅಕ್ಷರ. ಆದರೆ ಅಪ್ಪಣೆಯೇ ತಿರುವುಮುರುವಾಯಿತು.

ನಮ್ಮ ಜೀವಕೋಶಗಳಲ್ಲಿಯೂ ಇಂತಹದೊಂದು ಬರಹವುಂಟು. ನಾಲ್ಕೇ ಅಕ್ಷರಗಳ ಈ ಲಿಪಿಗೆ ಡಿ.ಎನ್.ಎ. ಎಂದು ಹೆಸರು. 1982ರಲ್ಲಿ ಅಮೆರಿಕದ ಕೆಲವು ಪ್ರಯೋಗಶಾಲೆಗಳ ವಿಜ್ಞಾನಿಗಳು ಮೂತ್ರಕೋಶದ ಏಡಿಗಂತಿಯಿಂದ, ಎಂದರೆ ಕ್ಯಾನ್ಸರಿನಿಂದ, ಬೆಳೆಸಿದ ಜೀವಕೋಶಗಳಲ್ಲಿ ‘ಎಚ್-ರಾಸ್’ ಎಂಬ ಜೀನನ್ನು ಓದಿದರು. ‘ಜಿ’ ಇರಬೇಕಾದೆಡೆ ‘ಟಿ’ ಇದ್ದಿತು. ಅದರಿಂದ ಪ್ರೋಟೀನಿನ 12ನೆಯ ಸ್ಥಾನದಲ್ಲಿ ಗ್ಲೈಸೀನಿನ ಬದಲು ವ್ಯಾಲೀನ್ ಬಂದು ಕುಳಿತಿದ್ದಿತು. ಕೋಶಕ್ಕೆ ‘ಬೆಳೆ’ ಎಂದು ಹೇಳಿ ಸುಮ್ಮನಾಗಬೇಕಾದ ಪ್ರೋಟೀನು ಎಡೆಬಿಡದೆ ಅದನ್ನೇ ಹೇಳತೊಡಗಿದ್ದಿತು. ಮನುಷ್ಯನ ಏಡಿಗಂತಿಯ ಜೀನಿನಲ್ಲಿ ಇಂತಹ ಏಕಾಕ್ಷರ ದೋಷವನ್ನು ಗುರುತಿಸಿದ್ದು ಅದೇ ಮೊದಲು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನಗರದ ಏಡಿಗಂತಿ ರೋಗಿಗಳ ದಾಖಲೆಪಟ್ಟಿ ಆರಂಭವಾದುದೂ ಆ ವರ್ಷವೇ.

ಆದರೆ ಒಂದು ತಪ್ಪಿನಿಂದಲೇ ರೋಗ ಪೂರ್ಣವಾಗದು. ಒಳಪದರದಲ್ಲಿಯೇ ಉಳಿಯುವ ಗಂತಿಗಳಲ್ಲಿ ಬಹುಮಟ್ಟಿಗೆ ‘ಎಫ್.ಜಿ.ಎಫ್.ಆರ್.-3’ ಎಂಬ ಜೀನು ಕೆಟ್ಟಿರುತ್ತದೆ. ಸ್ನಾಯುವಿನೊಳಕ್ಕೆ ನುಗ್ಗುವ ಗಂತಿಗಳ ಕಥೆಯೇ ಬೇರೆ. 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಇಂತಹ 412 ಗಂತಿಗಳನ್ನು ಪರೀಕ್ಷಿಸಲಾಗಿ, ಹತ್ತಿರಹತ್ತಿರ ಅರ್ಧದಷ್ಟರಲ್ಲಿ ‘ಪಿ-53’ರ ಜೀನು ಕೆಟ್ಟಿದ್ದಿತು. ಈ ಪಿ-53 ಕಾವಲುಗಾರನಂತೆ: ಬರಹದಲ್ಲಿ ದೋಷ ಕಂಡರೆ ಕೋಶವಿಭಜನೆಯನ್ನು ತಡೆಯುತ್ತದೆ, ತಿದ್ದಲಾಗದಿದ್ದರೆ ಆ ಕೋಶವನ್ನು ಸಾಯಿಸುತ್ತದೆ. ಕಾವಲುಗಾರನೇ ಮಡಿದ ಮೇಲೆ ತಪ್ಪಿನ ಮೇಲೆ ತಪ್ಪು ಸೇರುತ್ತ ಹೋಗುವುದರಲ್ಲಿ ಆಶ್ಚರ್ಯವೇನು?

ಇವು ಬಹುಪಾಲು ಹುಟ್ಟಿನಿಂದ ಬಂದವಲ್ಲ, ಬಾಳಿನಲ್ಲಿ ಗಳಿಸಿಕೊಂಡವು. ರೋಗಿಯ ಮಕ್ಕಳಿಗೆ ಹೆಣ್ಣು ಕೊಡಲು ಹಿಂಜರಿಯುವವರು ಇದನ್ನು ತಿಳಿಯಬೇಕು. 1895ರಲ್ಲಿಯೇ ಜರ್ಮನಿಯ ವೈದ್ಯ ಲುಡ್ವಿಗ್ ರೇನ್, ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ರೋಗವನ್ನು ಕಂಡಿದ್ದನು. ಅಂತಹ ಬಣ್ಣಗಳ ಬಂಧುಗಳಾದ ಕೆಲವು ರಾಸಾಯನಿಕಗಳು ಬೀಡಿ, ಸಿಗರೇಟುಗಳ ಹೊಗೆಯಲ್ಲಿಯೂ ಇವೆ. ಅವು ರಕ್ತಕ್ಕಿಳಿದು, ಸೋಸಿಹೋಗಿ, ಮೂತ್ರದೊಡನೆ ಗಂಟೆಗಟ್ಟಲೆ ಮೂತ್ರಕೋಶದ ಗೋಡೆಯನ್ನು ತೋಯಿಸುತ್ತಿರುತ್ತವೆ.

ನೋವಿಲ್ಲದೆ ಮೂತ್ರ ಕೆಂಪಾಗುವುದು ಈ ರೋಗದ ಸಾಮಾನ್ಯವಾದ ಮೊದಲ ಗುರುತು. ನಮ್ಮ ಹಳ್ಳಿಗಳಲ್ಲಿ ಇದನ್ನು ‘ಉಷ್ಣ’ವೆಂದು ಕರೆದು ಎಳನೀರು ಕುಡಿಸುತ್ತಾರೆ. ಎರಡು ದಿನಗಳಲ್ಲಿ ಕೆಂಪು ತಾನಾಗಿ ನಿಂತರೆ ಕೀರ್ತಿ ಎಳನೀರಿಗೆ! ಈ ರಕ್ತ ಬಿಟ್ಟುಬಿಟ್ಟು ಬರುವಂಥದು, ನಿಂತಿತೆಂದರೆ ಗುಣವಾಯಿತೆಂದಲ್ಲ. ಮೂತ್ರಮಾರ್ಗದಿಂದ ಸಣ್ಣ ದರ್ಶಕವೊಂದನ್ನು ಇಳಿಸಿ ವೈದ್ಯರು ಒಳಗೋಡೆಯನ್ನು ಕಣ್ಣಾರೆ ನೋಡಬಲ್ಲರು. ಗಂತಿ ಒಳಪದರದಲ್ಲಿಯೇ ಇದ್ದರೆ ಅದೇ ಮಾರ್ಗವಾಗಿ ಹೆರೆದು ತೆಗೆಯುತ್ತಾರೆ. ಸ್ನಾಯುವನ್ನು ಹೊಕ್ಕಿದ್ದರೆ ಅನೇಕವೇಳೆ ಇಡೀ ಮೂತ್ರಕೋಶವನ್ನೇ ತೆಗೆದುಹಾಕಬೇಕಾಗುತ್ತದೆ.