ಎಸಿ ಪೈಪ್ ಬಿಚ್ಚೋ ಮುಂಚೆ ಇದನ್ನ ಕೇಳ್ರಿ

ಕಳೆದ ಮೇ ತಿಂಗಳು ಕುಂಚಾವರಂನಿಂದ ಚಿಂಚೋಳಿಗೆ ಹೊರಟಿದ್ವಿ, ಹಿಂದಿನ ಸೀಟಲ್ಲಿ ಅಜ್ಜಿ. ಕಾಡಿನ ದಾರಿ ಮುಗಿಯೋ ಮುಂಚೆನೇ ಕಾರಿನ ಎಸಿ ಬಿಸಿಗಾಳಿ ಊದೋಕೆ ಶುರುಮಾಡ್ತು. ದಾರಿಯಲ್ಲಿ ಸಿಕ್ಕ ಗ್ಯಾರೇಜಿನ ಹುಡುಗ, "ಗ್ಯಾಸ್ ಕಮ್ಮಿ ಆಗ್ಯಾದ್ರಿ" ಅಂದವನೇ ಪೈಪಿನ ನಟ್ಟಿಗೆ ಸ್ಪ್ಯಾನರ್ ಹಾಕಿದ. ಸುಯ್ಯ್ ಅಂತ ಬಿಳಿ ಹೊಗೆ ಬಂತು. ಅವನ ಎರಡು ಬೆರಳು ಸುಣ್ಣದಂಗೆ ಬೆಳ್ಳಗಾದವು, ಆಮೇಲೆ ಗುಳ್ಳೆ ಎದ್ದವು. ಅದು ಕಣ್ಣಿಗೆ ಹೊಡೆದಿದ್ದರೆ?

ಯಾಕೆ ಹೀಗಾಯ್ತು ಅಂತ ನೋಡೋಣ. ಹೆಚ್ಚಿನ ಕಾರುಗಳಲ್ಲಿರೋದು ಆರ್-134ಎ ಅನ್ನೋ ಗ್ಯಾಸ್. ಹೊರಗಿನ ಗಾಳಿಗೆ ಬಂದರೆ ಅದು ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತೆ. ಕುದಿಯೋವಾಗ ಚರ್ಮದ ಶಾಖವನ್ನೇ ಎಳೆದುಕೊಳ್ಳುತ್ತೆ. ಇನ್ನೊಂದು, ನಮ್ಮ ಕಡೆ 40 ಡಿಗ್ರಿ ಬಿಸಿಲಲ್ಲಿ ಇಂಜಿನ್ ಆಫ್ ಇದ್ದರೂ ಪೈಪಿನೊಳಗೆ ಸುಮಾರು 130 ಪಿಎಸ್‌ಐ ಒತ್ತಡ ಇರುತ್ತೆ. ಟೈರಿಗೆ ನಾವು ಹಾಕಿಸೋದು 32-33. ಅಂದ್ರೆ ನಾಲ್ಕು ಪಟ್ಟು!

ಮುಖ್ಯ ಮಾತು ಇದು: ಪೆಟ್ರೋಲ್ ಥರ ಎಸಿ ಗ್ಯಾಸ್ ಖರ್ಚಾಗಲ್ಲ. ಪ್ರತಿ ಬೇಸಿಗೆ ಹಾಕಿಸಬೇಕಾಗ್ತಿದೆ ಅಂದ್ರೆ ಎಲ್ಲೋ ಸೋರ್ತಿದೆ. ನಾನು ಬಿ.ಕಾಂ. ಓದಿದವನು. ಸೋರೋ ಖಾತೆಗೆ ಜಮೆ ಮಾಡ್ತಾ ಹೋದ್ರೆ ಬ್ಯಾಲೆನ್ಸ್ ಉಳಿಯಲ್ಲ, ಅಷ್ಟು ಗೊತ್ತು. ಕೆಲವು ಸಲ ಗ್ಯಾಸ್ ಸರಿಯಾಗೇ ಇರುತ್ತೆ. ವಾಡಿ, ಶಹಾಬಾದ್, ಸೇಡಂ ಕಡೆ ಓಡಾಡೋ ಗಾಡಿಗಳ ಮುಂದಿನ ಕಂಡೆನ್ಸರ್‌ಗೆ ಸಿಮೆಂಟ್, ಕಲ್ಲಿನ ಧೂಳು ಕೂತು ತಂಪು ಕಡಿಮೆಯಾಗಬಹುದು. ಮೊದಲು ಅದನ್ನ ನೋಡಿಸ್ರಿ.

ಪೈಪ್ ಬಿಚ್ಚಲೇಬೇಕಾದ್ರೆ ಕ್ರಮ ಹೀಗಿದೆ. ಒಂದು, ಕನ್ನಡಕ, ಕೈಗವಸು, ಗಾಳಿ ಆಡೋ ಜಾಗ. ಈ ಗ್ಯಾಸ್ ಗಾಳಿಗಿಂತ ಭಾರ, ಗುಂಡಿಯಲ್ಲಿ ತುಂಬಿಕೊಂಡ್ರೆ ಉಸಿರುಗಟ್ಟುತ್ತೆ. ಹತ್ತಿರ ಬೀಡಿ, ಬೆಂಕಿ ಬೇಡ. ಉರಿಗೆ ತಾಗಿದರೆ ವಿಷಾನಿಲ ಆಗುತ್ತೆ. ಎರಡು, ರಿಕವರಿ ಮಷೀನಿನಿಂದ ಗ್ಯಾಸನ್ನ ಸಿಲಿಂಡರ್‌ಗೆ ಎಳೆದುಕೊಂಡು, ಮೀಟರ್ ಸೊನ್ನೆಗೆ ಬಂದ ಮೇಲೇನೇ ನಟ್ ಸಡಿಲಿಸಬೇಕು. ಗಾಳಿಗೆ ಬಿಟ್ಟರೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿ ಬಿಸಿ ಮಾಡುತ್ತೆ. ಮೂರು, ಬಿಚ್ಚಿದ ಜಾಯಿಂಟಿಗೆ ಹೊಸ ಓ-ರಿಂಗ್. ನಾಲ್ಕು, ಅರ್ಧ ಗಂಟೆಯಾದರೂ ವ್ಯಾಕ್ಯೂಮ್. ಒಳಗಿನ ತೇವ ಹೋಗದಿದ್ದರೆ ಆಸಿಡ್ ಆಗಿ ಕಂಪ್ರೆಸರ್ ತಿನ್ನುತ್ತೆ. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಮೇಲೇರಿದರೆ ಸೋರಿಕೆ ಇನ್ನೂ ಇದೆ ಅಂತ. ಐದು, ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಗ್ರಾಂ, ತೂಕ ಮಾಡಿ ತುಂಬಬೇಕು.

ಇಂಜಿನ್ ಓಡುವಾಗ ಗ್ಯಾಸ್ ಡಬ್ಬಿಗೆ ಕೆಂಪು ಹೋಸ್ ಕಡೆಯ ವಾಲ್ವ್ ತೆರೀಲೇಬಾರದು. ಒತ್ತಡ ಹಿಂದಕ್ಕೆ ಬಂದು ಡಬ್ಬಿ ಸಿಡಿಯಬಹುದು. ಅಗ್ಗ ಅಂತ ಎಲ್‌ಪಿಜಿ ತುಂಬಿಸಲೂಬೇಡ್ರಿ.

ಕೈಗೆ ಬಿದ್ದರೆ ಉಜ್ಜಬೇಡ್ರಿ, ಬಿಸಿನೀರೂ ಬೇಡ. ಉಗುರುಬೆಚ್ಚಗಿನ ನೀರು ಸಾಕು. ಕಣ್ಣಿಗಾದರೆ ತೊಳೀತಾ ತೊಳೀತಾನೇ ಆಸ್ಪತ್ರೆಗೆ.

ಆವತ್ತು ಆ ಹುಡುಗ ಕೈ ಜಾಡಿಸಿ ಉಜ್ಜಿಕೊಂಡ. ನನಗೂ ಗೊತ್ತಿರಲಿಲ್ಲ, ಸುಮ್ಮನೆ ನೋಡ್ತಾ ನಿಂತಿದ್ದೆ. ಈಗ ಯಾರಾದ್ರೂ ಸ್ಪ್ಯಾನರ್ ಎತ್ತಿದರೆ ಮೊದಲು ಕೇಳ್ತೀನಿ: "ಅಣ್ಣಾ, ಕನ್ನಡಕ ಎಲ್ಲಿ? ರಿಕವರಿ ಮಷೀನ್ ಅದ ಏನು?" ನೀವೂ ಕೇಳ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.