ಹೊಳೆ ದಾಟುವ ನರತಂತು

ನಂಜನಗೂಡಿನ ರಸಬಾಳೆಯ ಚಿಪ್ಪೊಂದು ಮನೆಯಲ್ಲಿ ಕಳಿಯತೊಡಗಿದರೆ ಸಾಕು, ಸಾಸಿವೆಗಿಂತ ತುಸು ದೊಡ್ಡದಾದ ನೊಣಗಳು ಎಲ್ಲಿಂದಲೋ ಬಂದು ಮುತ್ತುವುವು. ನಾವು ಕೈಬೀಸಿ ಓಡಿಸುವ ಈ ನೊಣವನ್ನೇ ಜೀವವಿಜ್ಞಾನಿಗಳು ಸೀಸೆಗಳಲ್ಲಿ ಸಾಕುತ್ತಾರೆ.

ಹಣ್ಣಿನ ವಾಸನೆಯನ್ನು ಹಿಡಿಯುವುದು ನೊಣದ ಕುಡಿಮೀಸೆ. ಅಲ್ಲಿನ ಒಂದೊಂದು ನರಕೋಶವೂ ಅತಿ ತೆಳುವಾದ ತಂತುವೊಂದನ್ನು ಮಿದುಳಿಗೆ ಕಳುಹಿಸುತ್ತದೆ. ಮಿದುಳಿನ ಘ್ರಾಣಭಾಗದಲ್ಲಿರುವ ಸುಮಾರು 50 ಗಂಟುಗಳಲ್ಲಿ, ಒಂದೇ ಬಗೆಯ ಕೋಶಗಳ ತಂತುಗಳು ಒಂದೇ ಗಂಟನ್ನು ಸೇರುವುವು. ಆ ಕತ್ತಲೆಯಲ್ಲಿ ಅವುಗಳಿಗೆ ದಾರಿ ತೋರಿದವರಾರು?

ಬೆಳೆಯುತ್ತಿರುವ ತಂತುವಿನ ತುದಿಯು ಅಂಗೈಯಂತೆ ಅಗಲವಾಗಿದ್ದು, ಬೆರಳುಗಳಂಥ ಎಳೆಗಳನ್ನು ಚಾಚಿ ಸುತ್ತಲೂ ತಡಕಾಡುತ್ತದೆ. ಸ್ಪೇನಿನ ರಮೋನ್ ಇ ಕಹಾಲ್ 1890ರಲ್ಲಿ ಇದನ್ನು ವರ್ಣಿಸಿದನು. ಈ ತುದಿಯ ಹೊರಮೈಯಲ್ಲಿರುವ ಪ್ರೋಟೀನುಗಳೇ ಅದರ ಮೂಗು, ಅದರ ಕಣ್ಣು.

ಭೌತಶಾಸ್ತ್ರವನ್ನು ಬೋಧಿಸುವ ನನಗೆ ಇಲ್ಲಿನ ಒಂದು ಸಂಗತಿ ಬಹಳ ವಿಚಿತ್ರವಾಗಿ ತೋರುತ್ತದೆ. ಅಯಸ್ಕಾಂತವು ಕಬ್ಬಿಣದ ಚೂರೊಂದನ್ನು ಈ ಕ್ಷಣ ಹತ್ತಿರ ಬಿಟ್ಟುಕೊಂಡು ಮರುಕ್ಷಣ ದೂರ ತಳ್ಳುವುದುಂಟೆ? ನರತಂತುವಿನ ವಿಷಯದಲ್ಲಿ ಹೀಗೆಯೇ ಆಗುವುದು. ಅನೇಕ ತಂತುಗಳು ದೇಹದ ನಡುಗೆರೆಯನ್ನು ಒಮ್ಮೆ, ಒಮ್ಮೆ ಮಾತ್ರ, ದಾಟಬೇಕು; ತಿರುಮಕೂಡಲಿನ ಸಂಗಮದಲ್ಲಿ ಹರಿಗೋಲು ಹತ್ತಿ ಟಿ. ನರಸೀಪುರದ ದಡಕ್ಕೆ ಇಳಿದವನು ಮತ್ತೆ ಹಿಂದಿರುಗಲೇ ಬಾರದೆಂಬ ಕಟ್ಟಳೆಯಿದ್ದಂತೆ. ನಡುಗೆರೆಯ ಕೋಶಗಳು ಸ್ಲಿಟ್ ಎಂಬ ಪ್ರೋಟೀನನ್ನು ಸದಾ ಸ್ರವಿಸುತ್ತವೆ. ತಂತುವಿನ ಹೊರಮೈಯಲ್ಲಿರುವ ರೋಬೋ ಎಂಬ ಪ್ರೋಟೀನು ಅದನ್ನು ಗುರುತಿಸಿದೊಡನೆ ತುದಿ ಹಿಂಜರಿಯುವುದು. ಹಾಗಾದರೆ ದಾಟುವುದೆಂತು? ದಾಟಬೇಕಾದ ತಂತುವಿನ ಕೋಶವು, ರೋಬೋ ಹೊರಮೈಯನ್ನು ಮುಟ್ಟುವ ಮುನ್ನವೇ ಅದನ್ನು ಒಳಗೇ ನಾಶಕ್ಕೆ ಕಳುಹಿಸುತ್ತದೆ. ಆಚೆ ದಡ ಸೇರಿದ ಮೇಲೆ ಈ ತಡೆ ನಿಲ್ಲುತ್ತದೆ. ರೋಬೋ ಮೇಲೆ ಬರುತ್ತದೆ. ಅದೇ ಸ್ಲಿಟ್ ಈಗ ತಂತುವನ್ನು ದೂರವಿಡುತ್ತದೆ. ಬದಲಾದುದು ಹೊಳೆಯಲ್ಲ, ಪ್ರಯಾಣಿಕ.

ರೋಬೋ ಇಲ್ಲದ ನೊಣಗಳಲ್ಲಿ ತಂತುಗಳು ನಡುಗೆರೆಯನ್ನು ಮತ್ತೆ ಮತ್ತೆ ದಾಟಿ ಸುತ್ತುತ್ತಲೇ ಇರುವುವು. ಆದ್ದರಿಂದಲೇ 1993ರಲ್ಲಿ ವರ್ಣಿಸಿದ ಈ ದೋಷಕ್ಕೆ ರಸ್ತೆವೃತ್ತದ ಹೆಸರಾದ 'ರೌಂಡಬೌಟ್' ಎಂದು ಹೆಸರಿಟ್ಟರು. ರೋಬೋ ಅದರ ಮೊಟಕು ರೂಪ.

ಬಾಳೆಹಣ್ಣಿನ ವಾಸನೆಗೂ ಇದಕ್ಕೂ ಸಂಬಂಧವುಂಟು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಅದಕ್ಕೆ ಸೇರಿದ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ದುಡಿದ ವೆರೋನಿಕಾ ರಾಡ್ರಿಗ್ಸ್ (1953–2010) ನೊಣದ ಘ್ರಾಣವನ್ನೇ ಜೀವಮಾನದ ಅಧ್ಯಯನವನ್ನಾಗಿ ಮಾಡಿಕೊಂಡಿದ್ದರು. ಒಂದೊಂದು ಗುಂಪಿನ ತಂತುವೂ ರೋಬೋ, ರೋಬೋ-3 ಇವುಗಳ ಬೇರೆ ಬೇರೆ ಮಿಶ್ರಣವನ್ನು ಧರಿಸಿರುವುದೆಂದೂ, ಆ ಪ್ರಮಾಣ ಕೆಟ್ಟರೆ ತಂತು ತಪ್ಪು ಸ್ಥಳ ಸೇರುವುದೆಂದೂ ಅವರೂ ಅವರ ಸಹೋದ್ಯೋಗಿಗಳೂ 2004ರಲ್ಲಿ ತೋರಿಸಿದರು.

ಅದೇ ವರ್ಷ ಮನುಷ್ಯರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ನಮ್ಮ ರೋಬೋ-3 ನೊಣದ ರೋಬೋವಿನ ಬಂಧುವಾದರೂ ಅದರ ಕೆಲಸ ತದ್ವಿರುದ್ಧ: ತಂತುವಿಗೆ ನಡುಗೆರೆ ದಾಟಲು ನೆರವಾಗುವುದು. ಅದು ಕೆಟ್ಟಿರುವ ಮಕ್ಕಳಲ್ಲಿ ಮಿದುಳಿನ ಎಡಭಾಗವೇ ದೇಹದ ಎಡಭಾಗವನ್ನು ಆಳುತ್ತದೆ. ಬೆನ್ನುಮೂಳೆ ವರ್ಷ ವರ್ಷಕ್ಕೂ ಬಾಗುತ್ತ ಹೋಗುವುದು. ಆಶ್ಚರ್ಯವೆಂದರೆ, ಇಷ್ಟಾದರೂ ಅವರು ನಡೆಯುತ್ತಾರೆ, ಕೈಗೆಲಸ ಮಾಡುತ್ತಾರೆ. ಆದರೆ ಕಣ್ಣುಗುಡ್ಡೆಗಳು ಎಡಬಲಕ್ಕೆ ಹೊರಳವು. ಪಕ್ಕದಲ್ಲಿ ಕುಳಿತ ತಾಯಿಯನ್ನು ನೋಡಬೇಕಾದರೂ ಇಡೀ ತಲೆಯನ್ನೇ ತಿರುಗಿಸಬೇಕು.